ಗಾಳಿಗೊಂದು ಊರಿನ ಹೆಸರು

ನಾಲ್ಕು ದಿನ ಬಿಟ್ಟೂಬಿಡದೆ ಎದ್ದ ಸುಂಟರಗಾಳಿಗಳು ಹೊಳೆದಂಡೆಯ ಊರುಗಳನ್ನು ಒಂದೊಂದಾಗಿ ಕೆಡವಿದ್ದವು. ಹವಾಮಾನ ಕಚೇರಿಯ ಸುನೀತಿ ಅದನ್ನೆಲ್ಲ ದಾಖಲಿಸಲು ಬಂದಿದ್ದಳು. ಕಚೇರಿಯ ರೂಢಿಯಂತೆ, ಹೆಚ್ಚು ಹಾನಿಯಾದ ಊರಿನ ಹೆಸರನ್ನೇ ಆ ಗಾಳಿಗಳ ಸರಣಿಗೆ ಇಡಬೇಕಿತ್ತು.

ಶಾಲೆಯ ಗಂಜಿ ಕೇಂದ್ರದಲ್ಲಿ ಜನ ತುಂಬಿದ್ದರು. ಹೊರಗೆ ತಾಡಪತ್ರಿ ಪಟಪಟ ಬಡಿದಾಗಲೆಲ್ಲ ಎಲ್ಲರೂ ಬೆಚ್ಚಿ ಮೇಲೆ ನೋಡುತ್ತಿದ್ದರು. ಸುನೀತಿ ಹೆಸರಿನ ಮಾತು ತೆಗೆದಿದ್ದೇ ತಡ, ಮುಂದೆ ಕೂತಿದ್ದ ಚೆನ್ನವ್ವ ಕೈಮುಗಿದಳು.

"ನಮ್ಮೂರ ಹೆಸರು ಬ್ಯಾಡ್ರಿ ಮೇಡಮ್ಮಾರ. ಆ ಹೆಸರು ಕೇಳಿದ್ರ ನಮ್ಮ ಹುಡುಗ್ಯಾರನ್ನ ಯಾರು ಮಾಡ್ಕೋತಾರ?"

ಪಕ್ಕದೂರಿನ ದುಂಡಪ್ಪನೂ ಒಪ್ಪಲಿಲ್ಲ. "ಒಮ್ಮೆ ಅಂಟಿದ್ರ ಮೊಮ್ಮಕ್ಕಳಿಗೂ ಬಿಡೂದಿಲ್ರಿ ಅದು."

ಕಂಬಕ್ಕೊರಗಿ ಕೂತಿದ್ದ ಹೆಂಗಸೊಬ್ಬಳು ಆಗ ಮಾತಾಡಿದಳು. "ಮಡುವಿನಕೊಪ್ಪ ಅಂತ ಇಡ್ರಿ. ಅದು ನಮ್ಮೂರು."

ದಾರಿಯುದ್ದಕ್ಕೂ ಮರಗಳು ಬಿದ್ದಿದ್ದರಿಂದ ಸುನೀತಿಗೆ ಆ ಊರಿಗೆ ಇನ್ನೂ ಹೋಗಲಾಗಿರಲಿಲ್ಲ. "ನೀವೊಬ್ಬರೇ ಹೇಳಿದರೆ ಹೇಗಮ್ಮ? ಊರವರೆಲ್ಲ ಒಪ್ಪಬೇಕಲ್ಲ?"

ಹೆಂಗಸು ತಲೆಯ ಮೇಲಿನ ಸೆರಗನ್ನು ಸರಿಮಾಡಿಕೊಂಡಳು.

"ಎಲ್ಲಾರೂ ಒಪ್ಪೇವ್ರಿ," ಎಂದಳು. "ಊರಾಗ ಉಳದಾಕಿ ನಾ ಒಬ್ಬಾಕೀನ."