ಒರೆಸಿ ಚುಚ್ಚಿದ ಸೂಜಿ

ಮೊಮ್ಮಗಳಿಗೆ ಕಾಮಾಲೆ ಬರದಂತೆ ಲಸಿಕೆ ಹಾಕಲು ನರ್ಸಮ್ಮ ಹೊಸ ಸೂಜಿಯ ಪೊಟ್ಟಣವನ್ನು ಪರ್ರನೆ ಹರಿದಳು. ಆ ಸದ್ದಿಗೆ ಅಕ್ಕನಿಗೆ ಚುಚ್ಚಿದ ಸೂಜಿ ನೆನಪಾಗಿ ನನ್ನ ಮೈಯೆಲ್ಲ ಉರಿಯಿತು.

ನನಗೆ ಆಗ ಎಂಟು ವರ್ಷ. ಮಾನ್ವಿಯಿಂದ ನಮ್ಮೂರಿಗೆ ವಾರಕ್ಕೊಮ್ಮೆ ಒಬ್ಬ ಡಾಕ್ಟರ್ ಸೈಕಲ್ ಮೇಲೆ ಬರುತ್ತಿದ್ದ. ಸೂಜಿ ಚುಚ್ಚದವನು ಡಾಕ್ಟರೇ ಅಲ್ಲ ಎಂದು ನಮ್ಮವರು ತಿಳಿದಿದ್ದರು. ಒಂದು ಮಧ್ಯಾಹ್ನ ಅವನು ಬಂದಾಗ ಅಕ್ಕನಿಗೆ ಇದ್ದದ್ದು ಬರೀ ನೆಗಡಿ.

"ಗುಳಿಗಿ ಬ್ಯಾಡ್ರೀ ಸಾಹೇಬ್ರ, ಸೂಜಿ ಮಾಡ್ರಿ" ಎಂದ ಅಪ್ಪ.

ಅಕ್ಕನಿಗಿಂತ ಮೊದಲು ಚುಚ್ಚಿಸಿಕೊಂಡವನ ಕಣ್ಣು ಅರಿಶಿನದ ಹಾಗಿದ್ದವು. ಡಾಕ್ಟರ್ ಅದೇ ಸೂಜಿಯನ್ನು ಹತ್ತಿಯಿಂದ ಒರೆಸಿ ಅಕ್ಕನ ತೋಳು ಹಿಡಿದ.

"ಯಪ್ಪಾ, ಅದು ಆ ಮಾವಗ ಚುಚ್ಚಿದ ಸೂಜಿ!" ಎಂದು ಕೂಗಿದೆ.

"ಬಾಯಿ ಮುಚ್ಚ ಬೇ! ಸಾಹೇಬ್ರಿಗೆ ನೀ ಕಲಿಸ್ತೀಯೇನು?" ಎಂದು ಅಪ್ಪ ಗದರಿದ. ಅಕ್ಕ ನನ್ನನ್ನೇ "ಅಂಜುಬುರುಕಿ" ಎಂದು ನಕ್ಕಳು.

ಮೂರು ತಿಂಗಳಿಗೆ ಅಕ್ಕನ ಕಣ್ಣೂ ಹಳದಿಯಾದವು. ನದರು ತಗಲಿದೆ ಎಂದು ಅವ್ವ ಮೆಣಸಿನಕಾಯಿ ನಿವಾಳಿಸಿದಳು. ಸೋದರತ್ತೆ ಕಾಮಾಲೆ ಇಳಿಯಲೆಂದು ಕಾದ ಬಳೆಯಿಂದ ಅವಳ ಮುಂಗೈಗೆ ಬರೆ ಎಳೆದಳು. ಅಕ್ಕ ಉಳಿಯಲಿಲ್ಲ.

ಮಣ್ಣು ಮಾಡಿದ ಮರುದಿನ ಡಾಕ್ಟರ್ ಮಾತಾಡಿಸಲು ಬಂದ. ಅಪ್ಪ ಅವನಿಗೆ ಕಂಬಳಿ ಹಾಸಿ ಕೂರಿಸಿದ.

"ಈಕಿ ಅತ್ತು ಅತ್ತು ಮೈ ಬೆಚ್ಚಗ ಆಗ್ಯಾದ್ರೀ. ಒಂದು ಸೂಜಿ ಮಾಡಿಬಿಡ್ರಿ" ಎಂದ.

ಡಾಕ್ಟರ್ ಚೀಲ ಬಿಚ್ಚಿ ನನ್ನ ತೋಳಿಗೆ ಕೈ ಹಾಕಿದ. ಹಲ್ಲು ಊರುವಂತೆ ಆ ಕೈಯನ್ನು ಕಚ್ಚಿದೆ. ಅಪ್ಪ ಬೆನ್ನಿಗೆ ಬಾರಿಸುತ್ತಲೇ ಇದ್ದ, ನಾನು ಬಾಯಿ ಬಿಡಲಿಲ್ಲ.