ಮಸಿ ತುಂಬಿದ ಚೌಕ

"ಹುಚ್ಚು ನೆತ್ತರು ಬೇಕಾ ಸಾರ್? ಇವನ್ದೇ ಹೀರ್ಕಳಿ. ವಂಶಕ್ಕೆ ವಂಶವೇ ಹುಚ್ಚುಮುಂಡೇವು," ಎಂದ ದಾಸಣ್ಣ ಕ್ಯಾತಣ್ಣನತ್ತ ಬೆರಳು ಮಾಡಿ, ಬಡವನಹಳ್ಳಿ ಶಾಲೆಯ ಜಗಲಿಯ ಮೇಲೆ ಕಾಲಾಡಿಸುತ್ತ. ನೆರೆದ ಊರು ನಕ್ಕಿತು.

ಕ್ಯಾತಣ್ಣ ಮುಷ್ಟಿ ಬಿಗಿದ. ನಗದವನು ಪಟ್ಟನಾಯಕನಹಳ್ಳಿಯ ಮಾರಣ್ಣ ಒಬ್ಬನೇ. ಕ್ಯಾತಣ್ಣನ ತಂಗಿ ಗೌರಕ್ಕನನ್ನು ಮಾರಣ್ಣನ ಮಗನಿಗೆ ತರುವ ಮಾತು ನಡೆದಿತ್ತು, ನಾಳೆಯೇ ವೀಳ್ಯ. ದಾಸಣ್ಣನ ಮನೆಯಲ್ಲೂ ಮದುವೆಗೆ ಬಂದ ಮಗಳಿದ್ದಾಳೆಂಬುದು ಯಾರಿಗೆ ಗೊತ್ತಿಲ್ಲ?

ಎಂಬತ್ತೆರಡರ ಬೇಸಿಗೆ. ಬಂದವರು ಬೆಂಗಳೂರಿನ ಡಾಕ್ಟರೊಬ್ಬರು, ಜೊತೆಗೆ ಬಿಸಿಲಿಗೆ ಮೂಗು ಕೆಂಪಾದ ಪರದೇಶದವನೊಬ್ಬ. ಹುಚ್ಚು ನೆತ್ತರಿನಲ್ಲಿ ಹೇಗೆ ಇಳಿಯುತ್ತದೆಂದು ಎರಡು ದೇಶ ಸೇರಿ ಹುಡುಕುತ್ತಿವೆಯಂತೆ. ಎಳೆದ ನೆತ್ತರು ಐಸ್ ಪೆಟ್ಟಿಗೆಯಲ್ಲಿ ವಿಮಾನ ಹತ್ತುತ್ತದಂತೆ. ತುಮಕೂರಿನ ಬಸ್ಸೂ ಹತ್ತದವರ ನೆತ್ತರು.

"ಯಾರ್ಯಾರಿಗಿತ್ತು, ಹೇಳಪ್ಪ," ಡಾಕ್ಟರು ಪೆನ್ನು ತೆರೆದರು.

ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟು, ದಾಸಣ್ಣನ ಕುರಿ ಕಾಯುತ್ತ ಅವನ ಮನೆಯಲ್ಲೇ ಉಂಡು ಬೆಳೆದ ಕ್ಯಾತಣ್ಣನಿಗೆ ಸಿಟ್ಟು ಬಂದರೆ ಹಿಂದುಮುಂದಿಲ್ಲ.

"ಬರ್ಕಳಿ. ಅಜ್ಜ ಟಗರಿನ ಜೊತೆ ನ್ಯಾಯ ಆಡ್ತಿದ್ದ. ಟಗರು ಗೆದ್ದರೆ ಅಳ್ತಿದ್ದ."

ಗಂಡಸಿಗೆ ಚೌಕ, ಹೆಂಗಸಿಗೆ ಸೊನ್ನೆ, ಹುಚ್ಚು ಹಿಡಿದವರಿಗೆ ಒಳಗೆ ಮಸಿ. ಡಾಕ್ಟರು ಚೌಕವೊಂದು ಬರೆದು ಮಸಿ ತುಂಬಿದರು. ಊರಿನ ನಗು ಅರ್ಧಕ್ಕೇ ನಿಂತಿತು.

"ದೊಡ್ಡಪ್ಪ ಬರಿಮೈಲಿ ಸಿರಾ ಸಂತೆಗೆ ಹೊಂಟೋಗ್ಬುಟ್ಟ. ಅತ್ತೆ ಮಾತೇ ಬುಟ್ಲು. ಆಮೇಲೆ ಬಾವಿ ನೋಡ್ಕಂಡ್ಲು."

ಇನ್ನೊಂದು ಚೌಕ. ಒಂದು ಸೊನ್ನೆ. ಎಲ್ಲರೂ ತಮ್ಮ ತಮ್ಮ ಕಾಲ್ಬೆರಳು ನೋಡಿಕೊಂಡರು. ಮುಂದೆ ಕೂತಿದ್ದ ಮುದುಕಿ ಜುಂಜಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ದಾಸಣ್ಣನ ಬೀಡಿ ಬೆರಳ ಸಂದಿಯಲ್ಲೇ ಆರಿಹೋಯಿತು.

"ಸಾಕು ಬುಡ್ಲಾ. ಮಾನ ಮರ್ವಾದೆ ಇಲ್ವಾ?" ಎಂದ ದಾಸಣ್ಣ.

"ನೀವು ತಡೀಬೇಡಿ, ಹೇಳ್ಲಿ," ಎಂದರು ಡಾಕ್ಟರು.

ಮಾರಣ್ಣ ಟವೆಲ್ ಕೊಡವಿ ಎದ್ದ. ಗೌರಕ್ಕನ ಸಂಬಂಧವೂ ಅವನ ಜೊತೆಗೇ ಎದ್ದು ಹೊರಟಂತಿತ್ತು.

"ಈ ವಂಶದಲ್ಲಿ ಈಗ ಬದುಕಿರೋರು ಯಾರಪ್ಪ? ಮೊದಲು ಅವರ ರಕ್ತ ಬೇಕು," ಎಂದರು ಡಾಕ್ಟರು.

ಕ್ಯಾತಣ್ಣ ಕಂಬಳಿಯನ್ನು ಹೆಗಲಿಗೆಸೆದು ನಡೆದುಬಿಟ್ಟ.

ಅವನ ಬೆನ್ನ ಹಿಂದೆ ಜುಂಜಮ್ಮ ತೋಳು ಚಾಚಿದಳು. "ನಂದು ತಗಳಪ್ಪ. ಆ ಹುಡ್ಗ ಅಜ್ಜ, ಅತ್ತೆ ಅಂದಿದ್ದು ತನ್ನೋರನ್ನಲ್ಲ, ನಮ್ಮನೆಯೋರ್ನ. ಟಗರಿನ ಜೊತೆ ನ್ಯಾಯ ಆಡ್ತಿದ್ದೋನು ನನ್ನ ಗಂಡ. ಮಿಕ್ಕಿದ್ದೆರಡು ನನ್ನ ಹೊಟ್ಟೇವು. ಈಗ ಉಳಿದಿರೋ ಮಗ ಇವನೊಬ್ಬ, ಜಗಲಿ ಮ್ಯಾಲೆ ಕುಂತವ್ನಲ್ಲ, ದಾಸಣ್ಣ."