ಹಳೇ ಸಿಪಿಯು

ಕಂಪ್ಯೂಟರಿನ ಡಬ್ಬವನ್ನು ಮೇಜಿನ ಮೇಲೆ ಕುಕ್ಕಿ, ಅವಳು ಚೀಲದಿಂದ ಸುತ್ತಿಗೆ ತೆಗೆದಳು. ತುಟಿ ಒಡೆದಿತ್ತು. ಎಡಗಣ್ಣು ಊದಿ ಮುಚ್ಚಿಹೋಗಿತ್ತು.

"ಇದರ ಸಿಪಿಯು ಬದಲಾಯಿಸಿ. ಹಳೇದನ್ನ ನಾನೇ ಪುಡಿ ಮಾಡ್ಬೇಕು."

ರಿಪೇರಿಯವನು ಅಂಗಡಿಯ ಬಾಗಿಲನ್ನು ಅರ್ಧ ಎಳೆದ. ಪಕ್ಕದ ಮನೆಯವಳು, ಕೇಳುವುದೇನಿದೆ? ನಡುವೆ ಇರುವುದು ಒಂದೇ ಗೋಡೆ. ಬೆಲ್ಟಿನ ಏಟು, ತಲೆ ಗೋಡೆಗೆ ಬಡಿಯುವ ಸದ್ದು, ಆಮೇಲೆ ಬಾಯಿಗೆ ಬಟ್ಟೆ ತುರುಕಿಕೊಂಡ ಅಳು, ಎಲ್ಲವೂ ಅವನಿಗೆ ಬಾಯಿಪಾಠ. ಒಮ್ಮೆ ಬಿಡಿಸಲು ಹೋಗಿ ಹಲ್ಲು ಉದುರಿಸಿಕೊಂಡದ್ದೂ ಆಗಿತ್ತು. ನಿನ್ನೆಯ ಗಲಾಟೆಯಂತೂ ವಿಪರೀತ. ಆದರೆ ಯಾಕೋ ಬೇಗ ತಣ್ಣಗಾಗಿತ್ತು.

ಹೆಂಡತಿಯ ಮೇಲೆ ಕಣ್ಣಿಡಲೆಂದು ಗಂಡ ಮನೆಯೊಳಗೇ ಕ್ಯಾಮೆರಾ ಹಾಕಿಸಿದ್ದ. ಅದು ಕಂಡದ್ದೆಲ್ಲ ಈ ಕಂಪ್ಯೂಟರಿಗೆ ಬಂದು ಸೇರುತ್ತಿತ್ತು. ನಿಧಾನ ಅಂತ ಅವನು ಇದಕ್ಕೂ ಒದೆಯುತ್ತಿದ್ದ.

"ಅವರೆಲ್ಲಿ?"

"ಮಲಗಿದಾರೆ."

"ಎದ್ದು ಕೇಳಿದ್ರೆ?"

"ಕೇಳಲ್ಲ. ಸಂಜೆ ಭಾವ ಬರ್ತಾರೆ. ಅಷ್ಟರಲ್ಲಿ ಇದು ಇದರ ಜಾಗದಲ್ಲಿರ್ಬೇಕು. ಒಳಗಿರೋದು ಮಾತ್ರ ಒಂದೂ ಉಳೀಬಾರ್ದು."

ರಿಪೇರಿಯವನಿಗೆ ಮೈಯೆಲ್ಲ ಉರಿಯಿತು. ಹೊಡೆಯುವುದೂ ಆ ಗಂಡನೇ, ಸಾಕ್ಷಿ ಅಳಿಸಲು ಪೆಟ್ಟು ತಿಂದವಳನ್ನೇ ಅಟ್ಟುವುದೂ ಅವನೇ.

ಫ್ಯಾನ್ ಬಿಚ್ಚಿದ. ಬಿಸಿ ತಗ್ಗಿಸಲು ಹಚ್ಚಿ, ಒಣಗಿ ಗಟ್ಟಿಯಾಗಿದ್ದ ಪೇಸ್ಟ್ ಕೆರೆದ. ಪುಟ್ಟ ಕೊಕ್ಕೆ ಎತ್ತಿ, ಬಿಸ್ಕತ್ತಿನಷ್ಟಿದ್ದ ಚೌಕ ಬಿಲ್ಲೆಯನ್ನು ಹೊರತೆಗೆದು ಅವಳ ಮುಂದಿಟ್ಟ.

"ಇಷ್ಟೇನಾ? ಸಿಪಿಯು ಅಂದ್ರೆ ಇಡೀ ಡಬ್ಬ ಅಲ್ವಾ?"

"ಎಲ್ಲರೂ ಹಾಗೇ ಅಂತಾರೆ ಅಕ್ಕ. ನಿಜವಾದ ಸಿಪಿಯು ಇದೇ. ಕಂಪ್ಯೂಟರಿನ ಮೆದುಳು."

"ಕಂಡದ್ದೆಲ್ಲ ಇದರಲ್ಲೇ ಇರುತ್ತಾ?"

ಅವನ ಕಣ್ಣು ಡಬ್ಬದ ಮೂಲೆಯಲ್ಲಿ, ಕಂಡದ್ದನ್ನೆಲ್ಲ ನಿಜವಾಗಿ ಕಾಪಿಟ್ಟಿದ್ದ ಹಾರ್ಡ್‌ಡಿಸ್ಕಿನ ಕಡೆ ಹೋಗಿ ಬಂತು. ಅವಳ ಒಳ್ಳೆಯದಕ್ಕೇ ಒಂದು ಸುಳ್ಳು, ತಪ್ಪೇನು?

"ಹೂಂ."

ಮೊದಲ ಏಟಿಗೇ ಬಿಲ್ಲೆ ಸೀಳಿತು. ಅವಳು ನಿಲ್ಲಿಸಲಿಲ್ಲ. ತೊಳೆದ ಸುತ್ತಿಗೆಯ ಹಿಡಿ ಇನ್ನೂ ಒದ್ದೆಯಾಗಿತ್ತು, ಜಾರುತ್ತಿತ್ತು. ಎರಡೂ ಕೈಯಲ್ಲಿ ಹಿಡಿದು ಹಲ್ಲು ಕಚ್ಚಿ ಬಡಿದಳು. ಚೂರೊಂದು ಹಾರಿ ರಿಪೇರಿಯವನ ಕೆನ್ನೆ ಕೊಯ್ದು ರಕ್ತ ಬಂತು. ಸಾಕು ಅಕ್ಕ ಅಂದರೂ ಅವಳಿಗೆ ಕೇಳಿಸಲಿಲ್ಲ. ಮೇಜಿನ ಹಲಗೆ ಬಿರುಕು ಬಿಟ್ಟ ಮೇಲೆಯೇ ಕೈ ಇಳಿಯಿತು.

"ನಾಳೆ ಮಗಳನ್ನ ಹಾಸ್ಟೆಲಿನಿಂದ ಕರ್ಕೊಂಡು ಬರ್ತೀನಿ," ಎಂದಳು, ಏದುಸಿರಿನ ನಡುವೆ.

"ಆ ಮನೆಗಾ ಅಕ್ಕ?"

"ಇನ್ನೇನು ಹೆದರಿಕೆ?"

ಅವನು ಚೂರುಗಳನ್ನು ಗುಡಿಸಿ ಪಕ್ಕಕ್ಕೆ ಹಾಕಿದ. ಮನಸ್ಸು ಗಟ್ಟಿಯಾಗಿತ್ತು. ಇದ್ದುದರಲ್ಲೇ ಚುರುಕಾದ ಸಿಪಿಯು ಹುಡುಕಿ ಕೂರಿಸಿದ, ಹೊಸ ಪೇಸ್ಟ್ ಹಚ್ಚಿದ, ಫ್ಯಾನ್ ಬಿಗಿದ.

"ಸ್ವಲ್ಪ ಹೊತ್ತು ಓಡಿಸಿ ನೋಡಿ, ನಾನೇ ತಂದ್ಕೊಡ್ತೀನಿ. ನೀವು ನಿಶ್ಚಿಂತೆಯಾಗಿ ಹೋಗಿ."

ಅವಳ ಒಡೆದ ತುಟಿ ನಗಲು ನೋಡಿತು. "ನಿಮ್ಮ ಋಣ ಮರೆಯಲ್ಲ ತಮ್ಮಾ."

ಅವಳು ಹೊಸ್ತಿಲು ದಾಟಿದ್ದೇ ತಡ, ಅವನು ಪೊಲೀಸರಿಗೆ ಫೋನ್ ಮಾಡಿದ. ಇನ್‌ಸ್ಪೆಕ್ಟರ್ ಮೇಡಂ ಬಂದರು. ಕುರ್ಚಿ ಒರೆಸಿ ಕೂರಿಸಿದ. ಎಷ್ಟೋ ಕಾಲದ ಮೇಲೆ ಒಂದು ಒಳ್ಳೆಯ ಕೆಲಸ ಮಾಡುತ್ತಿದ್ದೇನೆಂದು ಎದೆ ಉಬ್ಬಿತ್ತು.

"ನಿನ್ನೆಯದು ಹಾಕ್ತೀನಿ ಮೇಡಂ. ಇದನ್ನ ನೋಡಿದ್ಮೇಲೆ ತಪ್ಪಿಸ್ಕೊಳ್ಳೋಕೆ ದಾರಿನೇ ಇರಲ್ಲ."

ಹಳೇ ಸಿಪಿಯುವಿನಲ್ಲಿ ಹೆಜ್ಜೆಗೊಮ್ಮೆ ನಿಲ್ಲುತ್ತಿದ್ದ ದೃಶ್ಯ ಈಗ ಸರಾಗವಾಗಿ ಓಡಿತು: ಬೆಲ್ಟು ಪಕ್ಕಕ್ಕಿಟ್ಟು ಊಟಕ್ಕೆ ಕೂತ ಗಂಡ, ಅವನ ಬೆನ್ನ ಹಿಂದೆ ಎರಡೂ ಕೈಯಲ್ಲಿ ಸುತ್ತಿಗೆ ಎತ್ತಿದ ಅಕ್ಕ.